ಮಹಡಿ ಹತ್ತಿದ ಮುಖ

ಗೊತ್ತಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದನ್ನು ಬಳಸುತ್ತಿದ್ದವರು ಸಂಬಳದ ಬಿಲ್ಲು ಬರೆಯುವವರು ಮಾತ್ರ. ಉಳಿದವರಿಗೆಲ್ಲ ಅವನು ಗೊತ್ತಪ್ಪ. ಯಾರು ಏನು ಹೇಳಲು ಬಾಯಿ ತೆರೆದರೂ ವಾಕ್ಯ ಅರ್ಧ ದಾಟುವ ಮೊದಲೇ ಅವನು "ಗೊತ್ತು, ಗೊತ್ತು" ಎಂದುಬಿಡುತ್ತಿದ್ದ. ಒಮ್ಮೆ ಹಲ್ಲಿನ ಡಾಕ್ಟರು "ಸ್ವಲ್ಪ ನೋವಾಗುತ್ತೆ" ಎಂದಾಗಲೂ ಹಾಗೆಯೇ ಅಂದಿದ್ದ. ಮರುಕ್ಷಣ ಇಡೀ ಬೀದಿಗೆ ಕೇಳುವಂತೆ ಬೇರೆ ಏನೋ ಅಂದಿದ್ದ.

ಅವನು ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಸಹಾಯಕ. ಎರಡಂತಸ್ತಿನ ಸರ್ಕಾರಿ ಕಟ್ಟಡ. ಕೆಳಗೆ ಗ್ರಂಥಾಲಯ, ಮೇಲೆ ನೀರು ಸರಬರಾಜು ಕಚೇರಿ. ಮೇಲಿನವರು ಸುಲಭಕ್ಕೆ ನೀರು ಬಿಡುತ್ತಿರಲಿಲ್ಲ, ಕೆಳಗಿನವರು ಸುಲಭಕ್ಕೆ ಪುಸ್ತಕ ಬಿಡುತ್ತಿರಲಿಲ್ಲ. ಹೀಗಾಗಿ ಎರಡು ಕಚೇರಿಗಳ ನಡುವೆ ಒಳ್ಳೆಯ ಸೌಹಾರ್ದವಿತ್ತು; ಒಬ್ಬರ ಮುಖ ಇನ್ನೊಬ್ಬರು ಕಂಡೂ ಇರಲಿಲ್ಲ.

ಗ್ರಂಥಾಲಯದ ಓದುವ ಕೋಣೆಯಲ್ಲಿ ಗೋಡೆಗೆ ಒರಗಿಕೊಂಡು ಹತ್ತು ಹಳೆಯ ಕಂಪ್ಯೂಟರುಗಳಿದ್ದವು. ಒಂದೊಂದರದೇ ಹಾರ್ಡ್ ಡಿಸ್ಕ್ ಕೈಕೊಟ್ಟು ಕೊನೆಗೆ ಹತ್ತೂ ನಿಂತುಹೋಗಿದ್ದವು. ಓದುಗರು ಅವುಗಳ ಮೇಲೆ ಛತ್ರಿ ಒಣಹಾಕುತ್ತಿದ್ದರು. ಒಂದು ದಿನ ಗ್ರಂಥಪಾಲಕಿ ಅವುಗಳ ಮುಂದೆ ನಿಂತು ನಿಟ್ಟುಸಿರು ಬಿಟ್ಟರು. ಕಡಿಮೆ ಮಾತಿನ ಹೆಂಗಸು, ನಿಟ್ಟುಸಿರೂ ಚಿಕ್ಕದೇ.

"ಇವನ್ನ ಗುಜರಿಗೆ ಹಾಕೋಣ್ವಾ?"

"ಗುಜರಿ ಯಾಕೆ ಮೇಡಂ? ಲಿನಕ್ಸ್ ಅನ್ನೋ ಬಿಟ್ಟಿ ಸಾಫ್ಟ್‌ವೇರ್ ಹಾಕಿ ಥಿನ್ ಕ್ಲಯಂಟ್ ಮಾಡೋಣ. ಆಫೀಸ್ ರೂಮಲ್ಲಿರೋ ಹೊಸ ಕಂಪ್ಯೂಟರೇ ಸರ್ವರ್ರು. ಇವು ಹತ್ತಕ್ಕೂ ಹಾರ್ಡ್ ಡಿಸ್ಕೇ ಬೇಡ. ಯೋಚನೆಯೆಲ್ಲ ಸರ್ವರ್ ಮಾಡುತ್ತೆ, ಇವು ಬರೀ ಮುಖ ತೋರಿಸ್ತವೆ."

"ನಮ್ಮ ಇಲಾಖೆ ಥರ," ಎಂದರು ಗ್ರಂಥಪಾಲಕಿ. "ಆದ್ರೆ ಅದೆಲ್ಲ ಮಾಡೋದು ನಿಮಗೆ..."

"ಗೊತ್ತು, ಗೊತ್ತು."

ಗೊತ್ತಿದ್ದದ್ದು ಇಷ್ಟು: ಬಸ್ಸಿನಲ್ಲಿ ಬರುವಾಗ ಈ ವಿಷಯದ ಮೇಲೊಂದು ವಿಡಿಯೋ ನೋಡಿದ್ದ. ಅರ್ಧ ಮುಗಿಯುವಷ್ಟರಲ್ಲಿ ಇಳಿಯುವ ನಿಲ್ದಾಣ ಬಂದಿತ್ತು. ಆ ಉಳಿದರ್ಧದಲ್ಲಿ ಏನಿತ್ತು ಎಂಬುದೇ ಈ ಕಥೆ.

ಮೊದಲರ್ಧದ ಪುಣ್ಯದಿಂದ ಕೆಲಸ ಬೇಗ ಸಾಗಿತು. ಹೊಸ ಕಂಪ್ಯೂಟರಿಗೆ ಲಿನಕ್ಸ್ ಏರಿಸಿದ. ನೆಲದ ಮೇಲೆ ಕೇಬಲ್ ಎಳೆದು, ಎಲ್ಲವನ್ನೂ ಸ್ವಿಚ್ ಎಂಬ ಹಲವು ಕಿಂಡಿಗಳ ಪೆಟ್ಟಿಗೆಯೊಂದಕ್ಕೆ ಸಿಕ್ಕಿಸಿದ. ಈ ವ್ಯವಸ್ಥೆ ನಡೆಯುವ ರೀತಿ ಸರಳ. ಡಿಸ್ಕ್ ಇಲ್ಲದ ಕಂಪ್ಯೂಟರಿಗೆ, ಅಂದರೆ ಟರ್ಮಿನಲ್ಲಿಗೆ, ಕರೆಂಟು ಕೊಟ್ಟೊಡನೆ ಅದು ಕೇಬಲ್ಲಿನೊಳಗೆ ಬಾಯಿ ಹಾಕಿ, "ಯಾರಾದರೂ ಇದ್ದೀರಾ? ನನಗೊಂದು ವಿಳಾಸ ಕೊಟ್ಟು ಎಬ್ಬಿಸಿ" ಎಂದು ಕೂಗುತ್ತದೆ. ಸರ್ವರ್ ಕೇಳಿಸಿಕೊಂಡು ವಿಳಾಸವನ್ನೂ ಬುದ್ಧಿಯನ್ನೂ ಕಳಿಸಿಕೊಡುತ್ತದೆ. ಕೂಗಿದವರು ಯಾರು, ಯಾವ ಮನೆತನ, ಎಂದೆಲ್ಲ ಅದು ವಿಚಾರಿಸುವುದಿಲ್ಲ. ಕೂಗು ಕೇಳಿದರೆ ಸಾಕು, ಓಗೊಡುತ್ತದೆ. ಈ ಔದಾರ್ಯಕ್ಕೆ ಬೇಲಿ ಹಾಕಬೇಕೆಂಬ ಮಾತು ಬಹುಶಃ ವಿಡಿಯೋದ ಉಳಿದರ್ಧದಲ್ಲಿತ್ತು.

ಅದೇ ವಾರ ಗೊತ್ತಪ್ಪನ ಮನೆಗೆ ಅತ್ತೆ ಮಾವ ಬಂದಿಳಿದರು. ಮಾವ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅತ್ತೆಗೆ ನಿವೃತ್ತಿ ಇರಲಿಲ್ಲ. ಊಟಕ್ಕೆ ಕೂತಾಗ ಅತ್ತೆ ಮಗಳನ್ನು ಕೇಳಿದರು: "ಅಳಿಯಂದ್ರು ಈಗ ಏನ್ ಮಾಡ್ತಿದಾರೆ?"

"ಸರ್ವರ್ ನೋಡ್ಕೋತಿದಾರಮ್ಮ," ಎಂದಳು ಹೆಂಡತಿ, ಸಾರು ಬಡಿಸುತ್ತ.

ಅತ್ತೆಯ ಕೈಯ ತುತ್ತು ಕೈಯಲ್ಲೇ ನಿಂತಿತು. "ಸರ್ವರ್ರಾ? ಯಾವ ಹೋಟ್ಲಲ್ಲೇ?"

"ಹೋಟ್ಲಲ್ಲ ಅತ್ತೆ, ಲೈಬ್ರರೀಲಿ," ಎಂದ ಗೊತ್ತಪ್ಪ.

"ಲೈಬ್ರರೀಲೂ ತಿಂಡಿ ಕೊಡೋಕೆ ಶುರು ಮಾಡಿದ್ರಾ?"

"ತಿಂಡಿ ಅಲ್ಲ. ಹತ್ತು ಜನ ಥಿನ್ ಕ್ಲಯಂಟ್ಸ್ ಇದಾರೆ... ಇದಾವೆ. ಅವು ಕೇಳಿದ್ದನ್ನ ಸರ್ವರ್ ಕೊಡುತ್ತೆ."

ಮಾವನಿಗೆ ಕ್ಲಯಂಟ್ ಎಂಬ ಮಾತು ಕಿವಿಗೆ ಬಿತ್ತು. ಕೋರ್ಟಿನ ಹುರುಪು ಮೈಯೊಳಗೆ ಎದ್ದು ಕೂತಿತು. "ಕಕ್ಷಿದಾರರು ತೆಳ್ಳಗಾಗಿದಾರೆ ಅಂದ್ರೆ ಕೇಸು ಹಳೇದಿರ್ಬೇಕು," ಎಂದರು. "ವಕೀಲ ಯಾರು?"

ಅತ್ತೆಯ ಕಣ್ಣು ತುಂಬಿತ್ತು. "ಸರ್ಕಾರಿ ಕೆಲಸ ಅಂತ ಕೊಟ್ವಿ. ಈಗ ತಟ್ಟೆ ಎತ್ತೋ ಹಾಗಾಯ್ತು."

"ಅಮ್ಮ, ಇವ್ರು ಮನೇಲಿ ತಟ್ಟೆ ಎತ್ತಿದ್ದನ್ನೇ ನಾನು ನೋಡಿಲ್ಲ," ಎಂದು ಹೆಂಡತಿ ಗಂಡನ ಮಾನ ಕಾಪಾಡಿದಳು.

ಅಂದು ಗೊತ್ತಪ್ಪನ ಸ್ವಾಭಿಮಾನಕ್ಕೆ ಏಟು ಬಿತ್ತು. ತಾನು ಯಾರೆಂದು ತೋರಿಸಲೇಬೇಕು. ಮರುದಿನವೇ ಸ್ಟುಡಿಯೋಗೆ ಹೋಗಿ, ಅಲ್ಲಿ ಗೂಟಕ್ಕೆ ನೇತುಹಾಕಿದ್ದ ಎಲ್ಲರ ಕೋಟು ಹಾಕಿಕೊಂಡು, ಎಲ್ಲರ ಟೈ ಕಟ್ಟಿಕೊಂಡು ಒಂದು ಫೋಟೋ ತೆಗೆಸಿದ. "ಸ್ವಲ್ಪ ನಗಿ ಸಾರ್," ಎಂದ ಫೋಟೋದವನಿಗೆ "ಗೊತ್ತು" ಎಂದು ಹುಬ್ಬು ಗಂಟಿಕ್ಕಿದ. ಆ ಫೋಟೋವನ್ನು ತಂದು ಟರ್ಮಿನಲ್‌ಗಳ ಮೊದಲ ಪರದೆಗೆ ಹಾಕಿದ. ಫೋಟೋದ ಮೇಲೆ ಗ್ರಂಥಾಲಯದ ಹೆಸರು, ಪಕ್ಕದಲ್ಲಿ ಗ್ರಂಥಾಲಯದ ನಿಯಮ. ಆದರೆ ಮುಖ ದೊಡ್ಡದಾಗಿ ಕಾಣಲೆಂದು ಹಿಗ್ಗಿಸುತ್ತ ಹೋದಾಗ ಗ್ರಂಥಾಲಯದ ಹೆಸರು ತಲೆಗೂದಲೊಳಗೆ ಸೇರಿಹೋಯಿತು. ನಿಯಮದ ಸಾಲಿನಲ್ಲಿದ್ದ 'ಪುಸ್ತಕಗಳನ್ನು' ಎಂಬ ಪದ ಎಡಭುಜದ ಹಿಂದೆ ಮರೆಯಾಯಿತು. ಉಳಿದದ್ದು ಕೋಟು ತೊಟ್ಟ ಒಂದು ಉಗ್ರ ಮುಖ, ಮತ್ತು ದಪ್ಪ ಅಕ್ಷರದಲ್ಲಿ:

'ಸುಸ್ವಾಗತ. ಮೌನವಾಗಿರಿ. ನಿದ್ರಿಸಬೇಡಿ. ಇಲ್ಲಿಂದ ಒಯ್ದಿದ್ದರೆ ಕೂಡಲೇ ಹಿಂದಿರುಗಿಸಿ. ತಪ್ಪಿದಲ್ಲಿ ಕ್ರಮ ಕೈಗೊಳ್ಳಲಾಗುವುದು.'

ಅತ್ತೆಯನ್ನು ಕರೆತಂದು ತೋರಿಸಿದ. ಅತ್ತೆ ಹತ್ತೂ ಪರದೆಗಳಲ್ಲಿ ಅಳಿಯನನ್ನು ನೋಡಿ, "ಫೋಟೋ ಹಾಕಿದಾರೆ ಅಂದ್ರೆ ಮ್ಯಾನೇಜರ್ ಇರ್ಬೇಕು," ಎಂದು ಸಮಾಧಾನ ಪಟ್ಟುಕೊಂಡರು. ಯಾವ ಹೋಟೆಲಿನ ಮ್ಯಾನೇಜರ್ ಎಂದು ಅವನು ಬಿಡಿಸಿ ಕೇಳಲಿಲ್ಲ.

ಆ ಸಂತೋಷದಲ್ಲೇ ಎಡವಟ್ಟಾಯಿತು. ಮನೆಗೆ ಹೊರಡುವ ಮುನ್ನ ನೆಲ ಗುಡಿಸಿ ಚೊಕ್ಕ ಮಾಡುವಾಗ ಒಂದು ಕೇಬಲ್ಲಿನ ತುದಿ ಅನಾಥವಾಗಿ ಬಿದ್ದಿತ್ತು. ಅದರ ಇನ್ನೊಂದು ತುದಿ ಸ್ವಿಚ್ ಪೆಟ್ಟಿಗೆಯಲ್ಲಿತ್ತು. ಎದುರಿನ ಗೋಡೆಯಲ್ಲಿ ಅದೇ ಅಳತೆಯ ಒಂದು ಖಾಲಿ ಕಿಂಡಿ ಇತ್ತು. ಖಾಲಿ ಕಿಂಡಿ, ಖಾಲಿ ತುದಿ. ಎರಡರ ಒಂಟಿತನವೂ ಗೊತ್ತಪ್ಪನಿಂದ ನೋಡಲಾಗಲಿಲ್ಲ. ಸಿಕ್ಕಿಸಿಬಿಟ್ಟ. ಕಟ್ಟಡ ಕಟ್ಟಿದ ಕಾಲದಲ್ಲಿ ಯಾವನೋ ಪುಣ್ಯಾತ್ಮ ಆ ಕಿಂಡಿಯಿಂದ ಮೇಲಿನ ನೀರಿನ ಕಚೇರಿಗೆ ನೇರವಾಗಿ ತಂತಿ ಎಳೆದಿದ್ದ.

ಮೇಲಿನ ಕಚೇರಿಯ ಕಂಪ್ಯೂಟರುಗಳು ಹೊಸವು, ಡಿಸ್ಕ್ ಇರುವಂಥವು. ಆದರೆ ಅವುಗಳನ್ನು ಮಾರಿದವರು ಮೊದಲು ಕೇಬಲ್ಲಿನಲ್ಲಿ ಒಮ್ಮೆ ಕೂಗಿ ನೋಡಿ, ಯಾರೂ ಓಗೊಡದಿದ್ದರೆ ಮಾತ್ರ ಸ್ವಂತ ಬುದ್ಧಿ ಬಳಸುವಂತೆ ಹೊಂದಿಸಿ ಕೊಟ್ಟಿದ್ದರು. ಪಾಪ, ಅವು ದಿನವೂ ಬೆಳಿಗ್ಗೆ ಕೂಗುತ್ತಿದ್ದವು, ಯಾರೂ ಓಗೊಡುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಕೆಳಗಿನಿಂದ ಉತ್ತರ ಬಂತು.

ನೀರಿನ ಕಚೇರಿಯಲ್ಲಿ ಆಗ ಒಂದೇ ಸುದ್ದಿ. ಹಳೆಯ ಸಾಹೇಬರು ವರ್ಗವಾಗಿ, ಹೊಸಬರು ಇವತ್ತೋ ನಾಳೆಯೋ ಬರಲಿದ್ದರು. ಹೆಸರು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆದರೆ ಬಹಳ ಖಡಕ್ಕಂತೆ, ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮಾಡುತ್ತಾರಂತೆ, ಮೊದಲು ಗುಟ್ಟಾಗಿ ಬಂದು ನೋಡಿಕೊಂಡು ಹೋಗುತ್ತಾರಂತೆ ಎಂಬ ಅಂತೆಕಂತೆಗಳು ಬೆಳೆದು ನಿಂತಿದ್ದವು. ಅಂಥ ಹೊತ್ತಿನಲ್ಲಿ ಬಿಲ್ಲಿಂಗ್ ವಿಭಾಗದ ಹೆಂಗಸು ಬಂದು ಸ್ವಿಚ್ಚೊತ್ತಿದರು. ಮಿಣುಕಿದ ಪರದೆಯ ಮೇಲೆ ಕೋಟು ತೊಟ್ಟ ಉಗ್ರಮೂರ್ತಿ ಕಾಣಿಸಿತು. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ಹೆಡ್ ಕ್ಲರ್ಕರನ್ನು ಕರೆದರು. ಹೆಡ್ ಕ್ಲರ್ಕ್ ತಮ್ಮ ಪರದೆ ನೋಡಿದರು. ಅಲ್ಲೂ ಅದೇ. ಸಾಲಿನ ಎಲ್ಲ ಪರದೆಗಳಲ್ಲೂ ಅದೇ ಮುಖ, ಅದೇ ಹುಬ್ಬು.

"ಬಂದ್ಬಿಟ್ರು," ಎಂದರು ಹೆಡ್ ಕ್ಲರ್ಕ್, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. ಆ ಗುಂಡಿ ಅಂಗಿ ಹೊಲಿಸಿದಂದಿನಿಂದ ತೂತು ಕಂಡಿರಲಿಲ್ಲ.

"ಒಯ್ದಿದ್ದರೆ ಅಂದ್ರೆ ಏನ್ ಸಾರ್?" ಬಿಲ್ಲಿಂಗ್ ಹೆಂಗಸು ಪಿಸುಗುಟ್ಟಿದರು.

ಹೆಡ್ ಕ್ಲರ್ಕ್ ಚಾವಣಿಯ ಖಾಲಿ ಕೊಕ್ಕೆಯತ್ತ ನೋಡಿದರು. ಅವರ ಮನಸ್ಸು ಮನೆಯ ಹಜಾರಕ್ಕೆ ಹೋಗಿತ್ತು. ಅಲ್ಲಿ ಕಚೇರಿಯ ಫ್ಯಾನು ತಿರುಗುತ್ತಿತ್ತು. ಬಿಲ್ಲಿಂಗ್ ಹೆಂಗಸಿನ ಮನಸ್ಸು ಮಗಳು ಓದುವ ಮೇಜಿಗೆ ಹೋಯಿತು. ಅದರ ಕಾಲಿನ ಮೇಲೆ ಇಲಾಖೆಯ ಮುದ್ರೆ ಇತ್ತು. ಅಟೆಂಡರ್ ಮಾತ್ರ ಬಾಯಿಬಿಟ್ಟು ಹೇಳಿದ: "ಸಾರ್, ನಮ್ಮನೆ ನಲ್ಲಿ, ಪೈಪು, ಬಕೆಟ್ಟು ಎಲ್ಲ ಇಲ್ಲೀವೇ. ಪೈಪ್ ಕಿತ್ರೆ ಗೋಡೆ ಬೀಳುತ್ತೆ."

"ಗೋಡೆ ಬಿದ್ರೆ ಕಟ್ಕೋಬೋದು ಕಣಯ್ಯ. ಕೆಲಸ ಬಿದ್ರೆ?"

ಮರುದಿನ ಆ ಕಟ್ಟಡದ ಮೆಟ್ಟಿಲ ಮೇಲೆ ನಡೆದ ಮೆರವಣಿಗೆಯನ್ನು ನೋಡಿದವರು ಕಚೇರಿ ಮನೆ ಬದಲಾಯಿಸುತ್ತಿದೆ ಎಂದುಕೊಂಡರು. ಹೆಡ್ ಕ್ಲರ್ಕ್ ಫ್ಯಾನನ್ನು ಹೆಗಲ ಮೇಲೆ ಹೊತ್ತು ಬಂದರು. ಬಿಲ್ಲಿಂಗ್ ಹೆಂಗಸಿನ ಗಂಡ ಮೇಜನ್ನು ತಲೆಯ ಮೇಲಿಟ್ಟುಕೊಂಡು, ಕಾಲುಗಳ ನಡುವಿನಿಂದ ಇಣುಕುತ್ತ ಮೆಟ್ಟಿಲು ಹುಡುಕಿದ. ಅಟೆಂಡರನ ಬಕೆಟ್ಟುಗಳು ಒಂದರೊಳಗೊಂದು ಕೂತು, ಕಿತ್ತ ಪೈಪಿನ ಜೊತೆ ಬಂದವು. ಇವರ ಹಿಂದೆ ಕುರ್ಚಿ, ಗಡಿಯಾರ, ಗೋಡೆ ಬೀರು, ಒಂದು ಬಾಗಿಲು. ಬಾಗಿಲನ್ನು ಯಾರು ಯಾಕೆ ಒಯ್ದಿದ್ದರೋ, ಯಾರೂ ಕೇಳಲಿಲ್ಲ. ಕಚೇರಿಯೊಳಗೆ ಪಿಟ್ಟೆನ್ನದ ಮೌನ. ಊಟದ ನಂತರವೂ ಎಲ್ಲರ ಕಣ್ಣು ತೆರೆದೇ ಇದ್ದವು. ಕೆಲವರಿಗೆ ಅಭ್ಯಾಸವಿಲ್ಲದೆ ಕಣ್ಣಲ್ಲಿ ನೀರು ಬಂತು. ಬಿಲ್ಲು ಮಾತ್ರ ಒಂದೂ ಹೊರಗೆ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಪರದೆಯಲ್ಲಿ ಸಾಹೇಬರ ಮುಖದಾಚೆ ಗ್ರಂಥಾಲಯದ ಪುಸ್ತಕಪಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ನೀರಿನ ಬಿಲ್ಲು ಕಟ್ಟಲು ಬಂದವರನ್ನು "ಸಾಹೇಬರ ಅಪ್ಪಣೆ ಆಗಿಲ್ಲ" ಎಂದು ಗೌರವದಿಂದ ವಾಪಸ್ಸು ಕಳಿಸಿದರು.

ಇತ್ತ ಕೆಳಗೆ ಗೊತ್ತಪ್ಪನ ಪಾಡು ಹೇಳತೀರದು. ಟರ್ಮಿನಲ್‌ಗಳು ತೆವಳತೊಡಗಿದ್ದವು. ಓದುಗನೊಬ್ಬ ಬೆಳಿಗ್ಗೆ ಒಂದು ಅಕ್ಷರ ಒತ್ತಿದರೆ ಅದು ಪರದೆಗೆ ಬರುವಷ್ಟರಲ್ಲಿ ತಾನು ಏನು ಬರೆಯಬೇಕೆಂದಿದ್ದನೆಂಬುದೇ ಅವನಿಗೆ ಮರೆತುಹೋಗುತ್ತಿತ್ತು. ಗೊತ್ತಪ್ಪ ಕೇಬಲ್ ಬಿಚ್ಚಿ ಉಫ್ ಎಂದು ಊದಿದ. ಮೌಸುಗಳ ಹೊಟ್ಟೆ ಒರೆಸಿದ. ಸರ್ವರ್ರಿಗೆ ಸೆಖೆಯಾಗಿರಬೇಕೆಂದು ಪತ್ರಿಕೆ ಮಡಿಸಿ ಗಾಳಿ ಹಾಕಿದ. ಕೊನೆಗೆ ಸರ್ವರ್ ಪರದೆಯನ್ನು ತೆರೆದು ನೋಡಿದರೆ, ಈಗ ಎದ್ದಿರುವ ಟರ್ಮಿನಲ್‌ಗಳು ನಲವತ್ತೊಂದು ಎಂದು ಬರೆದಿತ್ತು.

"ಮೇಡಂ, ಹತ್ತು ಹೋಗಿ ನಲವತ್ತೊಂದಾಗಿದೆ," ಎಂದ.

"ಮಿಕ್ಕಿದ್ದು ಎಲ್ಲಿಂದ ಬಂತು?" ಎಂದರು ಗ್ರಂಥಪಾಲಕಿ.

"ಗೊತ್ತು ಮೇಡಂ. ಲಿನಕ್ಸಲ್ಲಿ ಲೆಕ್ಕ ಸ್ವಲ್ಪ ಧಾರಾಳ."

ಗ್ರಂಥಪಾಲಕಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಶುಕ್ರವಾರದೊಳಗೆ ಸರಿಹೋಗದಿದ್ರೆ ಗುಜರಿಯವರನ್ನ ಕರೀತೀನಿ. ಸರ್ವರ್ರೂ ಸೇರಿಸಿ ಕೊಡ್ತೀನಿ. ನೋಡ್ಕೊಳ್ಳೋರೂ ಜೊತೆಗೆ ಹೋಗ್ಬೋದು."

ಗೊತ್ತಪ್ಪ ಲೆಕ್ಕ ಹಾಕಿದ. ಹೊಸ ಕಂಪ್ಯೂಟರ್ ಗುಜರಿಗೆ ಹೋದರೆ ತನ್ನ ಕೆಲಸವೂ ಅದೇ ಗಾಡಿಯಲ್ಲಿ ಹೋಗುತ್ತದೆ. ಮನೆಯಲ್ಲಿ ಅತ್ತೆ ಇನ್ನೂ ಇದ್ದಾರೆ. ತಪ್ಪು ಖಂಡಿತ ತನ್ನದಲ್ಲ, ಮೇಲಿನವರು ಕರೆಂಟು ಹೆಚ್ಚು ಎಳೆಯುತ್ತಿರಬೇಕು ಎಂದು ತೀರ್ಮಾನಿಸಿ, ಜಗಳಕ್ಕೆ ಸಿದ್ಧನಾಗಿ ಮೆಟ್ಟಿಲು ಹತ್ತಿದ.

ಬಾಗಿಲಲ್ಲಿ ಕಾಲಿಟ್ಟದ್ದೇ ತಡ, ಇಡೀ ಕಚೇರಿ ಎದ್ದು ನಿಂತಿತು. ಕುರ್ಚಿಗಳು ಕಿರ್ರೆಂದವು. ಅಟೆಂಡರ್ ಕೈಯಲ್ಲಿದ್ದ ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ನಮಸ್ಕಾರ ಸಾರ್," ಎಂದರು ಹೆಡ್ ಕ್ಲರ್ಕ್. "ಕೋಟು ಹಾಕ್ಕೊಂಡು ಬರ್ಲಿಲ್ಲ. ಆದ್ರೂ ನಾವು ಕಂಡುಹಿಡಿದ್ವಿ."

ಗೊತ್ತಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಜೀವಮಾನದಲ್ಲಿ ಅವನಿಗಾಗಿ ಎದ್ದು ನಿಂತವರೆಂದರೆ ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಇಳಿಯುವವರು ಮಾತ್ರ. ಜಗಳ ಅವನ ಗಂಟಲಲ್ಲೇ ಕರಗಿತು.

"ನಾವೆಲ್ಲ ಒಯ್ದಿದ್ದನ್ನ ವಾಪಸ್ ತಂದಿದೀವಿ ಸಾರ್. ನಿಮಗೆ ತಿಳಿದೇ ಇರುತ್ತೆ..."

"ಗೊತ್ತು, ಗೊತ್ತು," ಎಂದಿತು ನಾಲಿಗೆ, ಯಜಮಾನನನ್ನು ಕೇಳದೆ.

"ನೋಡಿದ್ರಾ, ಎಲ್ಲಾ ಗೊತ್ತಿದೆ!" ಬಿಲ್ಲಿಂಗ್ ಹೆಂಗಸು ಮುಂದೆ ಬಂದರು. "ಸಾರ್, ಆ ಮೇಜು ನಾನಾಗೇ ಒಯ್ದಿದ್ದಲ್ಲ. ಹಳೇ ಸಾಹೇಬ್ರೇ ಹೇಳಿದ್ರು. ಅವ್ರು ಒಯ್ದಿದ್ದು ಸೋಫಾ. ಅದೂ ನಿಮಗೆ..."

"ಗೊತ್ತು."

ಅವನನ್ನು ಸಾಹೇಬರ ಕೋಣೆಗೆ ಕರೆದೊಯ್ದು, ತಿರುಗುವ ಕುರ್ಚಿಯಲ್ಲಿ ಕೂರಿಸಿ, ಮೂಸಂಬಿ ರಸ ತಂದಿಟ್ಟರು. ಗೊತ್ತಪ್ಪ ಒಮ್ಮೆ ತಿರುಗಿ ನೋಡಿದ. ಕುರ್ಚಿ ಸರಾಗವಾಗಿ ತಿರುಗಿತು. ತಿರುಗಿ ನಿಂತಲ್ಲಿ ಮೇಜಿನ ಮೇಲಿನ ಪರದೆ ಎದುರಾಯಿತು. ಪರದೆಯೊಳಗಿನಿಂದ ಗೊತ್ತಪ್ಪನೇ ಗೊತ್ತಪ್ಪನನ್ನು ಗುರುಗುಟ್ಟಿ ನೋಡುತ್ತಿದ್ದ.

ಆಗ ಅವನ ತಲೆಯಲ್ಲಿ ಎಲ್ಲವೂ ಒಂದಕ್ಕೊಂದು ಸಿಕ್ಕಿಕೊಂಡಿತು. ಗೋಡೆಯ ಕಿಂಡಿ. ಅನಾಥ ಕೇಬಲ್. ನಲವತ್ತೊಂದು. ಮೂಸಂಬಿ ರಸ ಇಳಿಯಬೇಕಾದ ದಾರಿ ಬಿಟ್ಟು ಬೇರೆ ದಾರಿ ಹಿಡಿದು ಕೆಮ್ಮು ಬಂತು. ಎದ್ದು ಓಡೋಣವೆಂದರೆ ಬಾಗಿಲಲ್ಲಿ ಇಡೀ ಕಚೇರಿ ಕೈಕಟ್ಟಿ ನಿಂತಿದೆ. ನಿಜ ಹೇಳೋಣವೆಂದರೆ ಆಗಲೇ ಅರ್ಧ ಲೋಟ ಕುಡಿದಾಗಿದೆ.

ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದಾಯಿತು. ಹೆಗಲಿಗೆ ಚೀಲ ತಗುಲಿಸಿಕೊಂಡ, ನಡುವಯಸ್ಸಿನ ಹೆಂಗಸೊಬ್ಬರು ಒಳಗೆ ಬಂದು ಸುತ್ತಲೂ ನೋಡಿದರು. ಹೆಡ್ ಕ್ಲರ್ಕ್ ಕೈ ಅಡ್ಡ ಹಿಡಿದರು. "ಅಮ್ಮಾ, ನಲ್ಲಿ ಕಂಪ್ಲೇಂಟಾದ್ರೆ ಹೊರಗೆ ಕೂತ್ಕೊಳ್ಳಿ. ಸಾಹೇಬ್ರು ಬಿಜಿ ಇದಾರೆ."

"ಯಾವ ಸಾಹೇಬ್ರು?"

"ಹೊಸ ಸಾಹೇಬ್ರು."

"ಹಾಗಾದ್ರೆ ನಾನ್ಯಾರು?"

"ಅದು ನಿಮಗೇ ತಿಳಿದಿರ್ಬೇಕಮ್ಮ. ಆಫೀಸ್‌ನೋರ್ನ ಕೇಳಿದ್ರೆ ಹೇಗೆ?"

ಹೆಂಗಸು ಚೀಲದಿಂದ ವರ್ಗಾವಣೆಯ ಆದೇಶ ತೆಗೆದು ಹೆಡ್ ಕ್ಲರ್ಕರ ಮೂಗಿನ ಮುಂದೆ ಹಿಡಿದರು. ಹೆಡ್ ಕ್ಲರ್ಕ್ ಓದಿದರು. ಕುರ್ಚಿಯಲ್ಲಿದ್ದವನನ್ನು ನೋಡಿದರು. ಪರದೆಯನ್ನು ನೋಡಿದರು. ಮತ್ತೆ ಓದಿದರು. ಅವರು ಹಾಕಿಕೊಂಡಿದ್ದ ಗುಂಡಿ ತಾನಾಗಿ ಕಿತ್ತು ನೆಲಕ್ಕೆ ಬಿತ್ತು.

ಹೊಸ ಅಧಿಕಾರಿಣಿ ಕುರ್ಚಿಯ ಎದುರು ಬಂದು ನಿಂತರು. "ನೀವು ಕೂತಿರೋದು ಯಾರ ಕುರ್ಚಿ ಗೊತ್ತಾ?"

ಗೊತ್ತಪ್ಪನ ಬಾಯಿ 'ಗೊ' ಎಂದು ಶುರುಮಾಡಿತು. ನಡುವೆ ನಾಲಿಗೆ ಎಡವಿತು. "ಗೊ... ಗೊತ್ತಿಲ್ಲ ಮೇಡಂ," ಎಂದವನೇ, ಕುರ್ಚಿಯಿಂದ ಜಾರಿ, ಫ್ಯಾನು, ಮೇಜು, ಬಕೆಟ್ಟುಗಳ ನಡುವೆ ದಾರಿ ಮಾಡಿಕೊಂಡು, ಯಾರದೋ ಬಾಗಿಲನ್ನು ಒದ್ದು ಬೀಳಿಸಿ, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು, ಓದುವ ಕೋಣೆಗೆ ನುಗ್ಗಿ ಗೋಡೆಯ ಕಿಂಡಿಯಿಂದ ಕೇಬಲ್ ಕಿತ್ತ. ಮೇಲಿದ್ದ ಮುಖಗಳೆಲ್ಲ ಇದ್ದಲ್ಲೇ ಮರಗಟ್ಟಿದವು. ಆಫ್ ಮಾಡಿ ಆನ್ ಮಾಡಿದಾಗ, ಓಗೊಡುವವರು ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಕಂಪ್ಯೂಟರುಗಳು ಮತ್ತೆ ತಮ್ಮ ಸ್ವಂತ ಬುದ್ಧಿಗೆ ಮರಳಿದವು. ಕೆಳಗೆ ಹತ್ತು ಟರ್ಮಿನಲ್‌ಗಳು ಜಿಂಕೆಯಂತೆ ಓಡತೊಡಗಿದವು. ಓದುಗರು ಚಪ್ಪಾಳೆ ತಟ್ಟಿದರು. ಗ್ರಂಥಪಾಲಕಿ ಮೌನವಾಗಿರಿ ಎಂದರು.

ಮೇಲೆ ವಿಚಾರಣೆ ನಡೆಯಿತು. ಹೆಡ್ ಕ್ಲರ್ಕ್‌ಗೆ, ಗ್ರಂಥಾಲಯದ ಸಹಾಯಕನಿಗೆ ಹೆದರಿ ಕಚೇರಿಯೆಲ್ಲ ಫ್ಯಾನು ಹೊತ್ತಿತೆಂದು ಬಾಯಿಬಿಡುವಂತಿರಲಿಲ್ಲ. ಅಧಿಕಾರಿಣಿಗೆ, ತಾನು ಬರುವ ಮೊದಲೇ ತನ್ನ ಕುರ್ಚಿಯಲ್ಲಿ ಇನ್ನೊಬ್ಬ ರಸ ಕುಡಿಯುತ್ತಿದ್ದನೆಂದು ಮೇಲಧಿಕಾರಿಗಳಿಗೆ ತಿಳಿಸುವಂತಿರಲಿಲ್ಲ. ಗ್ರಂಥಪಾಲಕಿಗಂತೂ ಏನೂ ಹೇಳುವ ಅಭ್ಯಾಸವೇ ಇರಲಿಲ್ಲ. ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಸತ್ಯ ಬೇಕಿತ್ತು. ಹೆಡ್ ಕ್ಲರ್ಕ್ ಅದನ್ನು ಒದಗಿಸಿದರು.

"ವೈರಸ್ ಮೇಡಂ."

"ವೈರಸ್ ಹೇಳ್ತು ಅಂತ ಫ್ಯಾನ್ ವಾಪಸ್ ತಂದ್ರಾ?"

"ಬಹಳ ಪವರ್‌ಫುಲ್ ವೈರಸ್ ಮೇಡಂ."

"ಅಂಥದ್ದು ವರ್ಷಕ್ಕೊಂದ್ಸಲ ಬರ್ಲಿ," ಎಂದು ಅಧಿಕಾರಿಣಿ ಬಂದ ಸಾಮಾನನ್ನೆಲ್ಲ ಉಗ್ರಾಣಕ್ಕೆ ಹಾಕಿಸಿ, ಬೀಗದ ಕೈಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಅಟೆಂಡರನ ಮನೆಯ ಗೋಡೆ ಎರಡು ದಿನ ನಿಂತು ನೋಡಿ ಬಿತ್ತು.

ವೈರಸ್ಸಿನ ಸುದ್ದಿ ಮೇಲಧಿಕಾರಿಗಳಿಗೆ ತಲುಪಿತು. ಸುದ್ದಿಯ ಜೊತೆ ಹೆಡ್ ಕ್ಲರ್ಕ್ ಮೊದಲ ದಿನವೇ ಭಕ್ತಿಯಿಂದ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಪರದೆಯ ಚಿತ್ರವೂ ಹೋಯಿತು. ಮೇಲಧಿಕಾರಿಗಳು ಜವಾಬ್ದಾರಿಯುಳ್ಳವರು. ಆ ಚಿತ್ರವನ್ನು ಅಚ್ಚು ಹಾಕಿಸಿ ಊರಿನ ಎಲ್ಲ ಕಚೇರಿಗಳಿಗೂ, ಅಂಚೆಗೂ, ಬ್ಯಾಂಕುಗಳಿಗೂ ಕಳಿಸಿದರು. ಕೆಳಗೆ ಕೆಂಪು ಅಕ್ಷರದಲ್ಲಿ, 'ಈ ಮುಖ ಕಂಡ ಕೂಡಲೇ ಕಂಪ್ಯೂಟರಿನ ಪ್ಲಗ್ ಕೀಳತಕ್ಕದ್ದು' ಎಂದಿತ್ತು. ಸರ್ಕಾರಿ ಬರವಣಿಗೆ, 'ಪರದೆಯ ಮೇಲೆ' ಎಂಬ ಎರಡು ಪದಗಳನ್ನು ಕಾಗದ ಉಳಿಸಲು ಬಿಟ್ಟಿದ್ದರು.

ಗೊತ್ತಪ್ಪನಿಗೆ ಇದರ ಸುಳಿವಿರಲಿಲ್ಲ. ಟರ್ಮಿನಲ್‌ಗಳು ಚೆನ್ನಾಗಿ ನಡೆಯುತ್ತಿದ್ದವು. ಪರದೆಯ ಮೇಲೆ ಫೋಟೋ ಬದಲು ಗ್ರಂಥಪಾಲಕಿ ಖಾಲಿ ಬಿಳಿ ಬಣ್ಣ ಹಾಕಿಸಿದ್ದರು. ಅತ್ತೆ ಮಾವ ಊರಿಗೆ ಹೋಗಿದ್ದರು. ಒಂದು ಶನಿವಾರ ಹೆಂಡತಿಯ ಜೊತೆ ಬ್ಯಾಂಕಿಗೆ ಹೋದ. ಉದ್ದದ ಸಾಲು. ಅವರ ಸರದಿ ಬಂದಾಗ ಕೌಂಟರಿನ ಹುಡುಗಿ ತಲೆಯೆತ್ತಿದಳು. ಅವನ ಮುಖ ನೋಡಿದಳು. ಕಂಬಕ್ಕೆ ಅಂಟಿಸಿದ್ದ ಕಾಗದ ನೋಡಿದಳು. ಸದ್ದಿಲ್ಲದೆ ಎದ್ದು, ಬಗ್ಗಿ, ಪ್ಲಗ್ ಕಿತ್ತಳು.

ಪಕ್ಕದ ಕೌಂಟರಿನವರು ಎದ್ದರು. ಅದರ ಪಕ್ಕದವರು ಎದ್ದರು. ಗಾಜಿನ ಕೋಣೆಯಿಂದ ಮ್ಯಾನೇಜರ್ ಇಣುಕಿದರು, ತಾವೂ ಎದ್ದರು. ಟಪ್ ಟಪ್ ಎಂದು ಬ್ಯಾಂಕಿನ ಪರದೆಗಳೆಲ್ಲ ಕಪ್ಪಾದವು. ಹಿಂದಿನ ಸಾಲಿನಲ್ಲಿ ಜನ ಗೊಣಗತೊಡಗಿದರು.

ಗೊತ್ತಪ್ಪ ಎದೆ ಸೆಟೆಸಿ, ಹೆಂಡತಿಯ ಕಿವಿಯ ಬಳಿ ಬಗ್ಗಿದ. "ನೋಡಿದ್ಯೇನೇ? ನನ್ನ ಕಂಡ್ರೆ ಮ್ಯಾನೇಜರೂ ಎದ್ದು ನಿಲ್ತಾರೆ."

ಹೆಂಡತಿ ಕಂಬದ ಮೇಲಿನ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಮುಗಿಸಿದಳು. ಗಂಡನ ಕೈಯಿಂದ ಪಾಸ್‌ಬುಕ್ ತೆಗೆದುಕೊಂಡಳು.

"ಹೌದ್ರೀ, ನೋಡ್ದೆ," ಎಂದಳು. "ನೀವು ಸ್ವಲ್ಪ ಹೊರಗೆ ನಿಂತಿರಿ. ಪಾಪ, ಅವ್ರೆಲ್ಲ ಕೂತ್ಕೊಳ್ಳಲಿ."